ಕೊಲ್ಲದೆ ಕಾಣುವ ವಿದ್ಯೆ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯ ಮೇಲೆ ನಿಂತು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತುಗಳನ್ನಾಡುವುದು ನನ್ನ ವಾಡಿಕೆ. ಈ ಸಲವೂ ಕಾರ್ಯದರ್ಶಿಗಳು ಅಂತಹದೇ ವಿಷಯವನ್ನು ನಿರೀಕ್ಷಿಸಿದ್ದರು. ಪ್ರಯೋಗಶಾಲೆಯ ಇಲಿ ನಾಯಿಗಳ ಹೊಟ್ಟೆಯೊಳಗೆ ನಳಿಗೆಯನ್ನಿಳಿಸಿ ಜಠರದ ಕ್ಯಾನ್ಸರ್ ರೋಗವನ್ನು ಹೇಗೆ ಅಭ್ಯಾಸಮಾಡುತ್ತಾರೆಂಬುದನ್ನು ಹೇಳುವೆನೆಂದಾಗ ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ಕನ್ನಡ ಪಂಡಿತನಿಗೂ ಇಲಿಯ ಜಠರಕ್ಕೂ ಏನು ಸಂಬಂಧವೆಂದು ನಿಮಗೂ ಅನ್ನಿಸಬಹುದು. ಆ ಸಂಬಂಧ ಉಂಟಾದುದು ಹೇಗೆಂಬುದನ್ನು ಮೊದಲು ಅರಿಕೆಮಾಡಿಕೊಳ್ಳುತ್ತೇನೆ.

ಕೆಲವು ಕಾಲದ ಹಿಂದೆ ಒಂದು ಸಂಜೆ, ನಮ್ಮ ಸಭೆಗಳಿಗೆ ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ ಹಿರಿಯರೊಬ್ಬರ ಮನೆಯವರು ಒಂದು ಕಾಗದವನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು. ವೈದ್ಯರು ವಿಷಯವನ್ನು ಒಂದು ಭಾಷೆಯಲ್ಲಿ ಹೇಳಿದ್ದರು. ಕಾಗದ ಮತ್ತೊಂದು ಭಾಷೆಯಲ್ಲಿತ್ತು. ಮನೆಯವರು ಅರಿತದ್ದು ಮೂರನೆಯ ಭಾಷೆಯನ್ನು ಮಾತ್ರ. ಗಡಿನಾಡಿನ ರೋಗಿಯ ಪಾಡು ಇದು. ನಾನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಜಠರದ ಕ್ಯಾನ್ಸರ್ ಯಕೃತ್ತಿಗೆ ಹರಡಿದೆ ಎಂಬುದು ಅದರ ತಾತ್ಪರ್ಯ. ಆ ಹಿರಿಯರು ಹೆಚ್ಚುಕಡಮೆ ಒಂದು ವರ್ಷಕಾಲ ಹೊಟ್ಟೆಯ ಸಂಕಟವನ್ನು ವಾಯುವೆಂದು ಬಗೆದು ಗುಳಿಗೆಗಳಲ್ಲಿ ಕಳೆದಿದ್ದರು. ನಳಿಗೆಯನ್ನು ನುಂಗುವ ಪರೀಕ್ಷೆಗೆ ಹೆದರಿ ಎರಡು ಸಲ ಆಸ್ಪತ್ರೆಯ ಬಾಗಿಲಿನಿಂದ ಹಿಂದಿರುಗಿದ್ದರಂತೆ. ಮುಂದಿನ ದೀಪಾವಳಿಯನ್ನು ಅವರು ಕಾಣಲಿಲ್ಲ.

ಅವರ ಮೊಮ್ಮಗಳು ನನ್ನ ತರಗತಿಯ ವಿದ್ಯಾರ್ಥಿನಿ. ಆಕೆ ಒಂದು ದಿನ, “ಮಾಷ್ಟ್ರೆ, ಅಜ್ಜನ ಹೊಟ್ಟೆಯೊಳಗಿದ್ದುದನ್ನು ಮೊದಲೇ ನೋಡುವುದಕ್ಕೆ ಆಗುತ್ತಿರಲಿಲ್ಲವೆ?” ಎಂದು ಕೇಳಿದಳು. ನನಗೆ ಉತ್ತರ ತಿಳಿಯದು. ಓದಿದೆ, ವೈದ್ಯಮಿತ್ರರನ್ನು ಕೇಳಿದೆ. ತಿಳಿದುಕೊಂಡುದನ್ನು ತರಗತಿಯಲ್ಲಿ ಹೇಳುತ್ತ ಇಲಿಗಳ ಪ್ರಸಂಗಕ್ಕೆ ಬಂದಾಗ ಆಕೆಯೇ ಎದ್ದುನಿಂತು, “ಆ ಇಲಿಗಳಿಗೆ ನೋವಾಗುವುದಿಲ್ಲವೆ?” ಎಂದಳು. ಈ ಎರಡು ಪ್ರಶ್ನೆಗಳಿಗೆ ನನ್ನ ಯಥಾಮತಿ ಉತ್ತರವೇ ಈ ಹೊತ್ತಿನ ಭಾಷಣ.

ಮೊದಲು ರೋಗದ ವಿಚಾರ. ಕ್ಯಾನ್ಸರ್ ಎಂಬುದು ಏಡಿ ಎಂಬ ಅರ್ಥದ ಪದ. ಗಂತಿಯ ಸುತ್ತ ಉಬ್ಬಿನಿಂತ ನಾಳಗಳು ಏಡಿಯ ಕಾಲುಗಳಂತೆ ಕಂಡದ್ದರಿಂದ ಪ್ರಾಚೀನ ಗ್ರೀಕರು ಈ ಹೆಸರಿಟ್ಟರೆಂದು ಹೇಳುತ್ತಾರೆ. ನಮ್ಮಲ್ಲಿ ಅರ್ಬುದವೆಂಬ ಸಂಸ್ಕೃತ ಶಬ್ದವುಂಟು. ಏಡಿಗಂತಿ ಎಂಬ ಅಚ್ಚಗನ್ನಡದ ಹೆಸರೂ ಉಂಟು. ನಮ್ಮ ಜಠರವು ಒಂದು ಚೀಲ. ಅದರ ಒಳಮೈಗೆ ತೇವದಿಂದ ಕೂಡಿದ ಒಂದು ಒಳಪೊರೆ. ಅದರ ಕೆಳಗೆ ಮೃದುವಾದ ಇನ್ನೊಂದು ಪದರ. ಅದಕ್ಕೂ ಹೊರಗೆ ಸ್ನಾಯುವಿನ ದಪ್ಪ ಗೋಡೆ. ಏಡಿಗಂತಿ ಹುಟ್ಟುವುದು ಒಳಪೊರೆಯಲ್ಲಿ. ಅಲ್ಲಿರುವಾಗ ಅದು ಸಾಮಾನ್ಯವಾಗಿ ನೋಯಿಸುವುದಿಲ್ಲ, ರೋಗಿಯನ್ನು ಎಚ್ಚರಿಸುವುದಿಲ್ಲ. ಗೋಡೆಯನ್ನು ಕೊರೆದು ಹೊರಗೆ ನಡೆದ ಮೇಲೆ ಹಸಿವು ಹೋಗುತ್ತದೆ, ಮೈ ಇಳಿಯುತ್ತದೆ, ವಾಂತಿಯಾಗುತ್ತದೆ. ೨೦೨೨ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು ೯ ಲಕ್ಷ ೬೮ ಸಾವಿರ ಜನರಿಗೆ ಈ ರೋಗ ಹೊಸದಾಗಿ ಬಂದಿತೆಂದೂ ಸುಮಾರು ೬ ಲಕ್ಷ ೬೦ ಸಾವಿರ ಜನರು ಇದರಿಂದ ಮರಣಹೊಂದಿದರೆಂದೂ ಅಂದಾಜುಮಾಡಲಾಗಿದೆ.

ಜಪಾನಿನಲ್ಲಿ ಈ ರೋಗ ಬಹಳ. ಆದುದರಿಂದ ಅಲ್ಲಿಯ ವೈದ್ಯರು ಇದನ್ನು ಬಹು ಶ್ರದ್ಧೆಯಿಂದ ಪರಿಶೀಲಿಸಿದರು. ೧೯೬೨ರಲ್ಲಿ ಅವರು ‘ಆರಂಭದ ಜಠರ ಕ್ಯಾನ್ಸರ್’ ಎಂಬುದಕ್ಕೆ ಒಂದು ಲಕ್ಷಣವನ್ನು ಕಟ್ಟಿದರು. ಗಂತಿಯು ಒಳಪೊರೆಯಲ್ಲಿ, ಅಥವಾ ಅದರ ಕೆಳಗಿನ ಪದರದಲ್ಲಿ ಮಾತ್ರ ಇದ್ದರೆ ಅದು ಆರಂಭದ್ದು. ಉಬ್ಬಿನಿಂತದ್ದು, ಹೆಚ್ಚುಕಡಮೆ ಸಮತಟ್ಟಾದುದು, ತಗ್ಗುಬಿದ್ದದ್ದು ಎಂದು ಮೂರು ಬಗೆಗಳನ್ನೂ ಗುರುತಿಸಿದರು. ಆ ಹಂತದಲ್ಲಿ ಕಂಡುಹಿಡಿದು ತೆಗೆದುಹಾಕಿದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷಗಳ ಅನಂತರವೂ ಬದುಕಿರುತ್ತಾರೆಂಬುದು ಅಲ್ಲಿಯ ಅನುಭವ. ರೋಗ ಒಂದೇ, ಕಂಡ ಕಾಲ ಬೇರೆ, ಫಲ ಬೇರೆ. ಹಾಗಾದರೆ ಒಳಗೆ ಅಡಗಿ ಬೆಳೆಯುವ ವೈರಿಯ ಮೊದಲ ಹೆಜ್ಜೆ ಹೇಗಿರುತ್ತದೆಂಬುದನ್ನು ಅರಿಯುವ ಬಗೆ ಹೇಗೆ? ಮನುಷ್ಯನಿಗೆ ಬೇಕೆಂದೇ ರೋಗವನ್ನು ತಂದು ನೋಡುವಂತಿಲ್ಲ. ಮನುಷ್ಯನ ಕಣ್ಣು ಪ್ರಾಣಿಗಳ ಕಡೆಗೆ ಹೊರಳಿದ್ದು ಇಲ್ಲಿ.

ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಯೊಹಾನೆಸ್ ಫಿಬಿಗರ್ ಎಂಬ ವಿದ್ವಾಂಸನಿದ್ದನು. ೧೯೦೭ರಲ್ಲಿ ಆತನಿಗೆ ಮೂರು ಇಲಿಗಳ ಜಠರದಲ್ಲಿ ಗಂತಿಗಳು ಕಾಣಿಸಿದವು. ಅವುಗಳಲ್ಲಿ ಒಂದು ಜಾತಿಯ ಸಣ್ಣ ಹುಳುಗಳೂ ಇದ್ದವು. ಹುಳುವೇ ಗಂತಿಗೆ ಕಾರಣವಿರಬಹುದೆಂದು ಊಹಿಸಿ, ಅದರ ಮೂಲವನ್ನು ಅರಸುತ್ತ ಹೋಗಿ, ಜಿರಳೆಗಳೂ ಇಲಿಗಳೂ ತುಂಬಿದ್ದ ಒಂದು ಸಕ್ಕರೆಯ ಕಾರ್ಖಾನೆಯಲ್ಲಿ ಅದನ್ನು ಕಂಡನು. ಜಿರಳೆಯನ್ನು ತಿಂದ ಇಲಿಯ ಹೊಟ್ಟೆಗೆ ಹುಳು ಸೇರುತ್ತದೆಂದು ತೋರಿಸಿ, ೧೯೧೩ರಲ್ಲಿ ತನ್ನ ಸಿದ್ಧಾಂತವನ್ನು ಪ್ರಕಟಿಸಿದನು. ೧೯೨೬ನೆಯ ವರ್ಷದ ನೊಬೆಲ್ ಪಾರಿತೋಷಕವೂ ಆತನಿಗೆ ಸಂದಿತು. ಆದರೆ ಮುಂದಿನವರು ಪರೀಕ್ಷಿಸಿದಾಗ, ಆ ಗಂತಿಗಳು ನಿಜವಾದ ಕ್ಯಾನ್ಸರ್ ಅಲ್ಲವೆಂದೂ, ಆಹಾರದಲ್ಲಿ ‘ಎ’ ಜೀವಸತ್ತ್ವ ಕಡಮೆಯಾದ ಇಲಿಗಳಲ್ಲಿ ಜಠರದ ಒಳಮೈ ಕೆರಳಿ ದಪ್ಪವಾದುದನ್ನು ಆತನು ಕ್ಯಾನ್ಸರ್ ಎಂದು ಬಗೆದನೆಂದೂ ತೋರಿಬಂದಿತು. ಆತನು ಸುಳ್ಳುಗಾರನಲ್ಲ, ಕಂಡುದನ್ನೇ ಹೇಳಿದನು. ಆದರೆ ಸತ್ತ ಇಲಿಯ ಜಠರವನ್ನು ಬಗೆದು ಕಾಣುವುದು ಕಥೆಯ ಕೊನೆಯ ಪುಟವನ್ನು ಮಾತ್ರ ಓದಿದಂತೆ. ಅದನ್ನು ತಪ್ಪಾಗಿ ಓದಿದರೆ ತಿದ್ದಿಕೊಳ್ಳುವುದಕ್ಕೆ ಹಿಂದಿನ ಪುಟಗಳು ಕೈಯಲ್ಲಿರುವುದಿಲ್ಲ.

ಅದೇ ಕಾಲದಲ್ಲಿ ಜಪಾನಿನಲ್ಲಿ ಯಾಮಾಗಿವಾ, ಇಚಿಕಾವಾ ಎಂಬ ಇಬ್ಬರು ಬೇರೊಂದು ದಾರಿಯನ್ನು ಹಿಡಿದರು. ಇಂಗ್ಲೆಂಡಿನಲ್ಲಿ ಹೊಗೆಗೂಡುಗಳನ್ನು ಗುಡಿಸುವ ಕೆಲಸದ ಹುಡುಗರಿಗೆ ಮುಂದೆ ಚರ್ಮದ ಕ್ಯಾನ್ಸರ್ ಬರುತ್ತದೆಂದು ಪರ್ಸಿವಲ್ ಪಾಟ್ ಎಂಬ ವೈದ್ಯನು ೧೭೭೫ರಲ್ಲಿಯೇ ಬರೆದಿದ್ದನು. ಮಸಿಗೂ ರೋಗಕ್ಕೂ ನಂಟಿದೆಯೆಂದಾದರೆ ಕಲ್ಲಿದ್ದಲಿನ ಟಾರನ್ನು ಹಚ್ಚಿ ನೋಡೋಣವೆಂದು ಇವರು ಮೊಲದ ಕಿವಿಯನ್ನು ಆರಿಸಿಕೊಂಡರು. ಎರಡು ಮೂರು ದಿನಗಳಿಗೊಮ್ಮೆಯಂತೆ, ಬೇಸರಿಸದೆ, ತಿಂಗಳುಗಟ್ಟಲೆ ಹಚ್ಚಿದರು. ಕಿವಿಯಲ್ಲಿ ಮೊದಲು ಸಣ್ಣ ಗುಳ್ಳೆ, ಅನಂತರ ಗಂಟು, ಕಡೆಗೆ ನಿಜವಾದ ಕ್ಯಾನ್ಸರ್ ಮೂಡಿತು. ೧೯೧೫ರಲ್ಲಿ ಇದು ಪ್ರಕಟವಾಯಿತು. ಇದು ಇಂದಿಗೂ ನಿಂತಿರುವ ಸತ್ಯ.

ಕಿವಿ ಹೊರಗಿರುವ ಅಂಗವೆಂಬುದನ್ನು ಗಮನಿಸಬೇಕು. ಅದೇ ಮೊಲದ ಅದೇ ಕಿವಿಯನ್ನು ಇಂದು ನೋಡಬಹುದು, ನಾಳೆ ನೋಡಬಹುದು. ರೋಗದ ಹೆಜ್ಜೆಗಳನ್ನು ಒಂದರ ಹಿಂದೊಂದರಂತೆ ಎಣಿಸಬಹುದು. ಜಠರವಾದರೋ ಕತ್ತಲೆಯ ಕೋಣೆ. ಮೊಲದ ಕಿವಿಯಷ್ಟು ಸುಲಭವಾಗಿ ಜಠರದ ಒಳಮೈಯನ್ನು ಕಾಣುವಂತಾಗದೆ ಆ ರೋಗದ ಕಥೆಯನ್ನು ಮೊದಲಿಂದ ಓದುವಂತಿರಲಿಲ್ಲ.

ಆ ಕೋಣೆಗೆ ದೀಪವನ್ನು ಕೊಂಡೊಯ್ದವರ ಕಥೆಯೂ ಸ್ವಾರಸ್ಯವಾದುದು. ೧೮೬೮ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದ ಕುಸ್‌ಮೌಲ್ ಎಂಬ ವೈದ್ಯನು ಕತ್ತಿ ನುಂಗುವ ಆಟಗಾರನೊಬ್ಬನನ್ನು ಕರೆಯಿಸಿ, ಆತನ ಗಂಟಲಿನ ಮೂಲಕ ನೇರವಾದ ಲೋಹದ ಕೊಳವೆಯನ್ನು ಜಠರಕ್ಕೆ ಇಳಿಸಿದನು. ದಾರಿ ಸಿಕ್ಕಿತು, ಬೆಳಕು ಸಾಲಲಿಲ್ಲ. ೧೯೩೨ರಲ್ಲಿ ಶಿಂಡ್ಲರ್ ಎಂಬವನು ಅರ್ಧ ಬಾಗುವ ಕೊಳವೆಯೊಳಗೆ ಮಸೂರಗಳನ್ನು ಜೋಡಿಸಿದನು. ೧೯೫೦ರ ಸುಮಾರಿಗೆ ಜಪಾನಿನ ವೈದ್ಯ ಉಜಿಯೂ ಒಲಿಂಪಸ್ ಕಂಪೆನಿಯ ಯಂತ್ರಜ್ಞರೂ ಸೇರಿ, ನುಂಗುವಷ್ಟು ಚಿಕ್ಕದಾದ ಛಾಯಾಚಿತ್ರ ಯಂತ್ರವನ್ನು ರಚಿಸಿದರು. ೧೯೫೪ರಲ್ಲಿ ಲಂಡನ್ನಿನಲ್ಲಿ ಹಾಪ್ಕಿನ್ಸ್ ಎಂಬ ವಿಜ್ಞಾನಿಯೂ ನಮ್ಮ ಪಂಜಾಬದ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರೂ ಕೂದಲೆಳೆಯಂತಹ ಗಾಜಿನ ನೂಲುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ತೋರಿಸಿದರು. ಗಾಜಿನ ನೂಲಿನೊಳಕ್ಕೆ ಹೊಕ್ಕ ಬೆಳಕು ಅದರ ಗೋಡೆಗಳಿಗೆ ತಾಗಿ ತಾಗಿ ಪ್ರತಿಫಲಿಸುತ್ತ, ನೂಲು ಬಾಗಿದ ಕಡೆಗೆ ತಾನೂ ಬಾಗಿ, ಇನ್ನೊಂದು ತುದಿಯಲ್ಲಿ ಹೊರಬೀಳುತ್ತದೆ. ಈ ತತ್ತ್ವವನ್ನು ಹಿಡಿದು ಹಿರ್ಶೋವಿಟ್ಸ್ ಎಂಬ ವೈದ್ಯನು ಅಮೆರಿಕದಲ್ಲಿ ಬಳ್ಳಿಯಂತೆ ಬಾಗುವ ನಳಿಗೆಯನ್ನು ಮಾಡಿಸಿ, ೧೯೫೭ರಲ್ಲಿ ಮೊದಲು ತಾನೇ ಅದನ್ನು ನುಂಗಿ ನೋಡಿದನು. ಅನಂತರವೇ ರೋಗಿಗೆ ಇಳಿಸಿದನು. ಈಗ ಗಾಜಿನ ನೂಲಿಗೆ ಬದಲಾಗಿ ನಳಿಗೆಯ ತುದಿಯಲ್ಲಿಯೇ ಪುಟ್ಟ ಕ್ಯಾಮರಾ ಇರುತ್ತದೆ. ಚಿತ್ರ ಪರದೆಯ ಮೇಲೆ ಮೂಡುತ್ತದೆ. ಇದಕ್ಕೆ ಎಂಡೋಸ್ಕೋಪ್ ಎಂದು ಹೆಸರು. ‘ಒಳಗೆ’, ‘ನೋಡು’ ಎಂಬ ಅರ್ಥದ ಎರಡು ಗ್ರೀಕ್ ಮಾತುಗಳು ಸೇರಿ ಆದ ಪದವಿದು. ಅಂತರ್ದರ್ಶಕವೆಂದರೆ ನಮಗೂ ಸಲ್ಲುತ್ತದೆ.

ದೀಪ ಸಿದ್ಧವಾಯಿತು. ಇನ್ನು ಪ್ರಾಣಿಯ ಜಠರದಲ್ಲಿ ನಿಜವಾದ ಕ್ಯಾನ್ಸರ್ ಬರಿಸುವ ಬಗೆ ಬೇಕಾಗಿತ್ತು. ಅದನ್ನು ೧೯೬೭ರಲ್ಲಿ ಟೋಕಿಯೋ ನಗರದ ತಾಕಾಶಿ ಸುಗಿಮುರಾ ಅವರೂ ಅವರ ಸಹೋದ್ಯೋಗಿಯೂ ತೋರಿಸಿಕೊಟ್ಟರು. ಎಂ.ಎನ್.ಎನ್.ಜಿ. ಎಂದು ಚಿಕ್ಕದಾಗಿ ಕರೆಯುವ ರಾಸಾಯನಿಕವೊಂದನ್ನು ಕುಡಿಯುವ ನೀರಿನಲ್ಲಿ ಬೆರಸಿ ಇಲಿಗಳಿಗೆ ತಿಂಗಳುಗಟ್ಟಲೆ ಕೊಟ್ಟಾಗ, ಅವುಗಳ ಜಠರದ ಗ್ರಂಥಿಯುಳ್ಳ ಭಾಗದಲ್ಲಿ ಮನುಷ್ಯನಿಗೆ ಬರುವಂತಹ ಕ್ಯಾನ್ಸರ್ ಹುಟ್ಟಿತು. ೧೯೭೧ರಲ್ಲಿ ಜಪಾನಿನವರು ನಾಯಿಗಳಲ್ಲಿಯೂ ಇದನ್ನು ಸಾಧಿಸಿದರು. ನಾಯಿಯೇ ಏಕೆಂದರೆ, ಅದರ ಜಠರ ಮನುಷ್ಯನಿಗಾಗಿ ಮಾಡಿದ ಅಂತರ್ದರ್ಶಕವನ್ನು ಇಳಿಸುವಷ್ಟು ದೊಡ್ಡದು. ನಾಯಿಗೆ ಅರಿವಳಿಕೆ ಕೊಟ್ಟು ಮಲಗಿಸಿ, ನಳಿಗೆಯನ್ನಿಳಿಸಿ, ಒಳಪೊರೆಯನ್ನು ನೋಡಿ ಚಿತ್ರವನ್ನು ತೆಗೆಯುತ್ತಾರೆ. ಅನುಮಾನ ಬಂದ ಕಡೆಯಿಂದ ಅಕ್ಕಿಯ ಕಾಳಿಗಿಂತ ಚಿಕ್ಕದಾದ ಚೂರನ್ನು ಚಿವುಟಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ನಾಯಿ ಎಚ್ಚರಗೊಂಡು ತನ್ನ ಗೂಡಿಗೆ ಹೋಗುತ್ತದೆ. ಕೆಲವು ವಾರಗಳ ಅನಂತರ ಅದೇ ನಾಯಿ, ಅದೇ ಜಾಗ, ಮತ್ತೊಂದು ಚಿತ್ರ. ಕೆಂಪೇರಿದ ಒಳಪೊರೆ ಎಲ್ಲಿ ಸವೆಯಿತು, ಸವೆದದ್ದು ಎಲ್ಲಿ ತಗ್ಗಾಯಿತು, ಯಾವುದು ಗಂತಿಯಾಗಿ ನಿಂತಿತು ಎಂಬುದನ್ನು ಜೀವಂತ ಪ್ರಾಣಿಯಲ್ಲಿಯೇ ಕಾಣುವಂತಾಯಿತು. ಮೊಲದ ಕಿವಿಯ ಸೌಕರ್ಯ ಕಡೆಗೂ ಜಠರಕ್ಕೆ ದೊರೆಯಿತು.

ಇಂದು ನಾಯಿಗಿಂತ ಹೆಚ್ಚಾಗಿ ಇಲಿಗಳನ್ನೂ ಸುಂಡಿಲಿಗಳನ್ನೂ ಬಳಸುತ್ತಾರೆ. ಸುಂಡಿಲಿಯೊಂದರ ತೂಕ ೨೫ರಿಂದ ೩೦ ಗ್ರಾಂ. ಅದರ ಗಂಟಲಿಗೆ ಎರಡು ಮಿಲಿಮೀಟರು ಇಲ್ಲವೆ ಅದಕ್ಕೂ ಸಪೂರವಾದ ನಳಿಗೆ ಬೇಕು. ಹಿಂದಿನ ದಿನದ ಆಹಾರ ಉಳಿದಿದ್ದರೆ ಒಳಗೆ ಏನೂ ಕಾಣಿಸದು. ಆದುದರಿಂದ ಉಪವಾಸ ಕೆಡವಬೇಕು. ಆದರೆ ಹಸಿದ ಇಲಿ ತಾನು ಮಲಗುವ ಹೊಟ್ಟು ಹುಲ್ಲನ್ನೂ ತನ್ನ ಹಿಕ್ಕೆಯನ್ನೂ ತಿನ್ನುತ್ತದೆ. ಆದಕಾರಣ ಅದನ್ನು ಜಾಲರಿಯ ನೆಲದ ಮೇಲೆ ಇರಿಸಬೇಕಾಗುತ್ತದೆ. ಜಠರದ ಮಡಿಕೆಗಳು ಬಿಡಿಸಿಕೊಳ್ಳುವಂತೆ ಸ್ವಲ್ಪ ಗಾಳಿಯನ್ನು ತುಂಬಬೇಕು. ಹೆಚ್ಚಾದರೆ ವಪೆ ಒತ್ತಿಹೋಗಿ ಉಸಿರು ಕಟ್ಟುತ್ತದೆ. ಅರಿವಳಿಕೆಯಲ್ಲಿರುವಾಗ ಅಷ್ಟು ಸಣ್ಣ ಮೈ ಬಹು ಬೇಗ ತಣ್ಣಗಾಗುತ್ತದೆ. ಕೆಳಗೆ ಬೆಚ್ಚನೆಯ ಹಾಸು ಬೇಕು. ಇನ್ನೊಂದು ವಿಶೇಷ: ಇಲಿಯ ಜಠರದಲ್ಲಿ ಎರಡು ಭಾಗಗಳುಂಟು. ಮುಂಭಾಗದ ಒಳಮೈ ಚರ್ಮದಂತೆ ಒರಟು, ಅದರಲ್ಲಿ ಗ್ರಂಥಿಗಳಿಲ್ಲ. ಹಿಂಭಾಗ ಮಾತ್ರ ನಮ್ಮ ಜಠರದಂತೆ ಗ್ರಂಥಿಗಳಿಂದ ಕೂಡಿದ್ದು. ನಡುವೆ ಒಂದು ಏಣು. ಮನುಷ್ಯನಿಗೆ ಆ ಮುಂಭಾಗವೇ ಇಲ್ಲ. ಅಲ್ಲಿ ಕಂಡ ಗಂತಿಯಿಂದ ಮನುಷ್ಯನ ರೋಗವನ್ನು ನಿರ್ಣಯಿಸಿದರೆ ತಪ್ಪಾಗುತ್ತದೆ. ಫಿಬಿಗರನು ಕಂಡ ಗಂತಿಗಳೂ ಆ ಮುಂಭಾಗದವೇ. ಆದುದರಿಂದ ಏಣನ್ನು ದಾಟಿ ನೋಡುವ ತಾಳ್ಮೆ ಬೇಕು.

ಇಷ್ಟೆಲ್ಲ ಶ್ರಮವೇಕೆ, ಇಲಿಯನ್ನು ಕೊಂದು ನೋಡುವುದೇ ಸುಲಭವಲ್ಲವೆ ಎಂದು ಕೇಳಬಹುದು. ಇಲ್ಲಿ ಒಂದು ಲೆಕ್ಕವನ್ನು ಹಾಕೋಣ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ವಾರಗಳಲ್ಲಿ ರೋಗ ಹೇಗಿರುತ್ತದೆಂದು ತಿಳಿಯಬೇಕಾಗಿದೆ ಎನ್ನಿ. ಹಳೆಯ ರೀತಿಯಲ್ಲಿ ಒಂದೊಂದು ಸಲವೂ ಹತ್ತು ಇಲಿಗಳನ್ನು ಕೊಲ್ಲಬೇಕು, ಒಟ್ಟು ಐವತ್ತು. ಹೊಸ ರೀತಿಯಲ್ಲಿ ಹತ್ತೇ ಇಲಿಗಳನ್ನು ಐದು ಸಲ ನೋಡಬಹುದು. ನಲವತ್ತು ಜೀವಗಳು ಉಳಿದ ಲೆಕ್ಕ. ಇದು ಕರುಣೆಯ ಮಾತಾಯಿತು. ಜ್ಞಾನದ ಮಾತು ಇನ್ನೂ ದೊಡ್ಡದು. ಇಪ್ಪತ್ತನೆಯ ವಾರದಲ್ಲಿ ಕೊಂದ ಇಲಿಯ ಜಠರದಲ್ಲಿ ಒಂದು ಕೆಂಪು ಕಲೆ ಕಂಡಿತೆನ್ನಿ. ಅದು ಮುಂದೆ ಏಡಿಗಂತಿಯಾಗುತ್ತಿತ್ತೋ ಮಾಯುತ್ತಿತ್ತೋ ಯಾರು ಬಲ್ಲರು? ಆ ಇಲಿ ಸತ್ತುಹೋಗಿದೆ. ಐದು ಬೇರೆ ಬೇರೆ ಕಾವ್ಯಗಳಿಂದ ಒಂದೊಂದು ಓಲೆಗರಿಯನ್ನು ಕಿತ್ತು ಜೋಡಿಸಿಕೊಂಡು ಇದೇ ಒಂದು ಕಾವ್ಯವೆಂದು ಓದುವವನ ಪಾಡು ಅದು. ಒಂದೇ ಕಾವ್ಯದ ಗರಿಗಳನ್ನು ಕ್ರಮವಾಗಿ ಓದುವ ಭಾಗ್ಯ ಅಂತರ್ದರ್ಶಕದಿಂದ ಬಂದಿತು. ಔಷಧವೊಂದನ್ನು ಕೊಟ್ಟರೆ ಗಂತಿ ಕುಗ್ಗಿತೋ ಇಲ್ಲವೋ ಎಂಬುದಕ್ಕೂ ಅದೇ ಪ್ರಾಣಿಯ ಹಿಂದಿನ ಚಿತ್ರವೇ ಸಾಕ್ಷಿ.

ಇದರ ಮಿತಿಯನ್ನೂ ಮರೆಮಾಚಬಾರದು. ಅಂತರ್ದರ್ಶಕವು ಮೇಲ್ಮೈಯನ್ನು ತೋರಿಸುತ್ತದೆಯೇ ಹೊರತು ಗಂತಿಯು ಗೋಡೆಯೊಳಗೆ ಎಷ್ಟು ಆಳ ಇಳಿದಿದೆಯೆಂಬುದನ್ನು ಪೂರ್ಣವಾಗಿ ತೋರಿಸದು. ಆ ನಿರ್ಣಯಕ್ಕೆ ಇಡೀ ಜಠರವನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಬೇಕು. ಆದುದರಿಂದ ಪ್ರಯೋಗದ ಕೊನೆಯಲ್ಲಿ ಆ ಹತ್ತು ಇಲಿಗಳನ್ನೂ ಸಾಮಾನ್ಯವಾಗಿ ಕೊಲ್ಲುತ್ತಾರೆ. ‘ಕೊಲ್ಲದೆ ಕಾಣುವ ವಿದ್ಯೆ’ ಎಂದು ನಾನು ಹೆಸರಿಟ್ಟುದು ಕಾಣುವ ಹೊತ್ತಿನ ಮಟ್ಟಿಗೆ ಮಾತ್ರ ಸತ್ಯ.

ಈ ಅಭ್ಯಾಸದಿಂದ ಮನುಷ್ಯನಿಗೆ ಬಂದ ಫಲವೇನು? ಅದಕ್ಕೆ ಇನ್ನೊಂದು ಕಥೆಯನ್ನು ಹೇಳಬೇಕು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಎಂಬ ಇಬ್ಬರು ವೈದ್ಯರು, ಅಂತರ್ದರ್ಶಕದಿಂದ ಚಿವುಟಿ ತೆಗೆದ ಜಠರದ ಚೂರುಗಳಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ಕಂಡರು. ೧೯೮೨ರಲ್ಲಿ ಅದನ್ನು ಬೆಳೆಸಿದರು. ಅದಕ್ಕೆ ಈಗ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಹೆಸರು. ಆಮ್ಲ ತುಂಬಿದ ಜಠರದಲ್ಲಿ ಬ್ಯಾಕ್ಟೀರಿಯ ಬದುಕೀತೆ ಎಂದು ಬಹು ಮಂದಿ ನಂಬಲಿಲ್ಲ. ಮಾರ್ಷಲ್ ಹಂದಿಮರಿಗಳಿಗೆ ಸೋಂಕು ತಗಲಿಸಲು ಪ್ರಯತ್ನಿಸಿ ವಿಫಲರಾದರು. ಕಡೆಗೆ ೧೯೮೪ರಲ್ಲಿ, ತಾನು ಬೆಳೆಸಿದ ಬ್ಯಾಕ್ಟೀರಿಯದ ದ್ರವವನ್ನು ತಾನೇ ಕುಡಿದರು. ಕೆಲವೇ ದಿನಗಳಲ್ಲಿ ಓಕರಿಕೆ, ವಾಂತಿ ಆರಂಭವಾದವು. ಅಂತರ್ದರ್ಶಕವನ್ನಿಳಿಸಿ ನೋಡಿದಾಗ ಜಠರದ ಒಳಪೊರೆ ಉರಿಗೊಂಡಿತ್ತು. ಅಲ್ಲಿ ಅದೇ ಬ್ಯಾಕ್ಟೀರಿಯವಿತ್ತು. ಪ್ರಾಣಿ ದೊರೆಯದಾಗ ವೈದ್ಯನೇ ಪ್ರಯೋಗಶಾಲೆಯ ಪ್ರಾಣಿಯಾದನು! ಇಬ್ಬರಿಗೂ ೨೦೦೫ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

೧೯೯೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು ಈ ಬ್ಯಾಕ್ಟೀರಿಯವನ್ನು ಮನುಷ್ಯನಿಗೆ ಕ್ಯಾನ್ಸರ್ ತರುವ ಕಾರಣಗಳ ಸಾಲಿಗೆ ಸೇರಿಸಿತು. ಆದರೆ ಬ್ಯಾಕ್ಟೀರಿಯವೊಂದೇ ಈ ರೋಗವನ್ನು ತರಬಲ್ಲುದೆಂದು ಪ್ರಾಣಿಯಲ್ಲಿ ತೋರಿಸಿದುದು ೧೯೯೮ರಲ್ಲಿ. ಮಂಗೋಲಿಯದ ಜರ್ಬಿಲ್ ಎಂಬ ಇಲಿಯಂತಹ ಪ್ರಾಣಿಗೆ ಜಪಾನಿನ ಸಂಶೋಧಕರು ಈ ಸೋಂಕನ್ನು ತಗಲಿಸಿದರು; ೬೨ನೆಯ ವಾರಕ್ಕೆ ನೂರಕ್ಕೆ ೩೭ರಷ್ಟು ಜರ್ಬಿಲ್‌ಗಳಲ್ಲಿ ಜಠರದ ಕ್ಯಾನ್ಸರ್ ಕಾಣಿಸಿತು. ಇನ್ನು ಮನುಷ್ಯರ ವಿಷಯ: ೨೦೦೧ರಲ್ಲಿ ಜಪಾನಿನ ಉಎಮುರಾ ಮತ್ತು ಸಂಗಡಿಗರು ೧೫೨೬ ರೋಗಿಗಳನ್ನು ಸರಾಸರಿ ಸುಮಾರು ಎಂಟು ವರ್ಷ ಕಾಲ ಅಂತರ್ದರ್ಶಕದಿಂದ ನೋಡುತ್ತ ಬಂದ ಫಲವನ್ನು ಪ್ರಕಟಿಸಿದರು. ಸೋಂಕಿದ್ದ ೧೨೪೬ ಮಂದಿಯಲ್ಲಿ ೩೬ ಮಂದಿಗೆ ಕ್ಯಾನ್ಸರ್ ಬಂದಿತು. ಸೋಂಕಿಲ್ಲದ ೨೮೦ ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ಸೋಂಕಿರುವ ಎಲ್ಲರಿಗೂ ರೋಗ ಬರುವುದಿಲ್ಲವೆಂಬುದೂ ಇದರಿಂದಲೇ ವಿದಿತವಾಗುತ್ತದೆ. ಈ ಸೋಂಕನ್ನು ಔಷಧಗಳಿಂದ ನಿವಾರಿಸಬಹುದು.

ತಾಯಂದಿರಿಗೆ ಸಂಬಂಧಿಸಿದ ಒಂದು ಮಾತು. ೧೯೭೫ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದರಲ್ಲಿ, ಎಂ.ಎನ್.ಎನ್.ಜಿ.ಯೊಂದಿಗೆ ಬಹಳ ಉಪ್ಪನ್ನೂ ಕೊಟ್ಟ ಇಲಿಗಳಲ್ಲಿ ಜಠರದ ಗಂತಿಗಳು ಹೆಚ್ಚಾದವು. ಉಪ್ಪಿನಲ್ಲಿ ಊರಿಸಿದ ಆಹಾರವನ್ನು ಬಹಳವಾಗಿ ತಿನ್ನುವ ಜನರಲ್ಲಿಯೂ ಈ ರೋಗ ಹೆಚ್ಚೆಂದು ಕಂಡಿದೆ. ನಮ್ಮ ಮನೆಗಳ ಉಪ್ಪಿನಕಾಯಿ ಭರಣಿಯನ್ನು ಒಡೆಯಬೇಕಾಗಿಲ್ಲ; ಆದರೆ ಉಪ್ಪಿನಕಾಯಿಯಾಗಲಿ ಒಣಮೀನಾಗಲಿ ಎಲೆಯ ತುದಿಯಲ್ಲಿರಬೇಕು, ಅನ್ನದ ಜಾಗದಲ್ಲಿರಬಾರದು.

ಈಗ ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಬಹುದು. ಮಗೂ, ಮೊದಲೇ ನೋಡುವುದಕ್ಕೆ ಆಗುತ್ತಿತ್ತು. ಕೊರಿಯ ದೇಶದಲ್ಲಿ ೪೦ ವರ್ಷ ತುಂಬಿದವರಿಗೆ ಎರಡು ವರ್ಷಗಳಿಗೊಮ್ಮೆ ಈ ಪರೀಕ್ಷೆಯ ವ್ಯವಸ್ಥೆಯನ್ನು ಸರ್ಕಾರವೇ ಮಾಡಿದೆ. ನಮ್ಮಲ್ಲಿ ಎಲ್ಲರೂ ನಳಿಗೆಯನ್ನು ನುಂಗಬೇಕೆಂದು ನಾನು ಹೇಳುವುದಿಲ್ಲ. ಅದನ್ನು ವೈದ್ಯರು ಹೇಳಬೇಕು. ಆದರೆ ಕಾರಣವಿಲ್ಲದೆ ಮೈ ಇಳಿದರೆ, ನುಂಗುವುದು ಕಷ್ಟವಾದರೆ, ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ವಾಂತಿ ನಿಲ್ಲದಿದ್ದರೆ, ರಕ್ತಹೀನತೆಗೆ ಕಾರಣ ತಿಳಿಯದಿದ್ದರೆ, ವಯಸ್ಸು ಕಳೆದ ಮೇಲೆ ಹೊಸದಾಗಿ ಅಜೀರ್ಣ ತೊಡಗಿ ಬಿಡದಿದ್ದರೆ, ಅಂಗಡಿಯ ಗುಳಿಗೆಯಲ್ಲಿ ತಿಂಗಳುಗಳನ್ನು ಕಳೆಯಬೇಡಿರಿ. ವೈದ್ಯರಲ್ಲಿಗೆ ಹೋಗಿ. ಅವರ ಮಾತು ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿರಿ, ಕೇಳುವುದಕ್ಕೆ ನಾಚಬೇಡಿರಿ. ಕಾಗದ ಅರ್ಥವಾಗದಿದ್ದರೆ ನಮ್ಮಂತಹವರಲ್ಲಿಗೆ ತನ್ನಿರಿ, ಆದರೆ ತಡಮಾಡದೆ ತನ್ನಿರಿ. ನಳಿಗೆಯ ಪರೀಕ್ಷೆ ಕೆಲವು ನಿಮಿಷಗಳದ್ದು. ಅದನ್ನು ಮೊದಲು ನುಂಗಿದವನು ಅದನ್ನು ಮಾಡಿಸಿದ ವೈದ್ಯನೇ ಎಂಬುದನ್ನು ನೆನೆದು ಧೈರ್ಯ ತಂದುಕೊಳ್ಳಿರಿ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿನವಾದುದು. ಇಲಿಗಳಿಗೆ ನೋವಾಗುವುದಿಲ್ಲವೆ? ನಳಿಗೆ ಇಳಿಯುವಾಗ ಅರಿವಳಿಕೆ ಇರುತ್ತದೆ. ಆ ಹೊತ್ತಿಗೆ ನೋವಿಲ್ಲ. ಆದರೆ ರೋಗವನ್ನು ಹೊತ್ತು ಬದುಕುವ ಸಂಕಟ ಇದ್ದೇ ಇರುತ್ತದೆ. ಇಲ್ಲವೆಂದು ಹೇಳಿದರೆ ನಾನು ಸುಳ್ಳಾಡಿದಂತಾಗುತ್ತದೆ. ೧೯೫೯ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬವರು ಪ್ರಯೋಗಮಾಡುವವರಿಗೆ ಮೂರು ನಿಯಮಗಳನ್ನು ಹೇಳಿದರು: ಪ್ರಾಣಿಯಿಲ್ಲದೆ ಆಗುವುದಾದರೆ ಪ್ರಾಣಿಯನ್ನು ಬಳಸಬೇಡ, ಬಳಸಬೇಕಾದರೆ ಸಂಖ್ಯೆಯನ್ನು ತಗ್ಗಿಸು, ಬಳಸಿದ ಪ್ರಾಣಿಯ ನೋವನ್ನು ತಗ್ಗಿಸು. ನಮ್ಮ ದೇಶದ ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯೂ ಪ್ರಯೋಗವು ಎಚ್ಚರಿಕೆಯಿಂದಲೂ ದಯೆಯಿಂದಲೂ ನಡೆಯಬೇಕೆಂದು ವಿಧಿಸಿದೆ. ಅದರ ಅಡಿಯಲ್ಲಿ ಮೇಲ್ವಿಚಾರಣೆಯ ಸಮಿತಿಯೂ ಉಂಟು. ಅಂತರ್ದರ್ಶಕವು ಎರಡನೆಯ ನಿಯಮವನ್ನು ಬಹುಮಟ್ಟಿಗೆ ಸಲ್ಲಿಸುತ್ತದೆ. ಮೂರನೆಯದನ್ನೂ ಸ್ವಲ್ಪಮಟ್ಟಿಗೆ ಸಲ್ಲಿಸುತ್ತದೆ. ಗಂತಿ ಬಹಳ ಬೆಳೆದಿರುವುದನ್ನು ಕಂಡಕೂಡಲೇ ಸಂಕಟ ಹೆಚ್ಚುವ ಮುನ್ನ ಪ್ರಯೋಗವನ್ನು ನಿಲ್ಲಿಸಬಹುದು. ಮೊದಲನೆಯ ನಿಯಮವನ್ನು ಅದು ಸಲ್ಲಿಸಲಾರದು.

ಕನ್ನಡ ಪಂಡಿತನಾದ ನನಗೆ ಇಲ್ಲಿ ಜನ್ನನ ‘ಯಶೋಧರ ಚರಿತೆ’ ನೆನಪಾಗುತ್ತದೆ. ಅಲ್ಲಿ ಅರಸನು ನಿಜವಾದ ಪ್ರಾಣಿಯನ್ನು ಬಲಿಕೊಡಲೊಲ್ಲದೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅಷ್ಟು ಮಾತ್ರದ ಸಂಕಲ್ಪಹಿಂಸೆಗೆ ಆತನು ಜನ್ಮಜನ್ಮಾಂತರಗಳಲ್ಲಿ ಪ್ರಾಣಿಯಾಗಿ ಹುಟ್ಟಿ ಬೇಯಬೇಕಾಗುತ್ತದೆ. ಆ ತಕ್ಕಡಿಯಲ್ಲಿ ತೂಗಿದರೆ ಪ್ರಯೋಗಶಾಲೆಯ ಹಿಂಸೆ ಹಗುರವಾದುದೇನೂ ಅಲ್ಲ. ಹಾಗೆಂದು ಆ ಪ್ರಯೋಗಗಳೇ ಬೇಡವೆನ್ನುವ ಧೈರ್ಯವೂ ನನಗಿಲ್ಲ. ಮುಂದಿನ ಸಾಲಿನ ಆ ಬರಿದಾದ ಕುರ್ಚಿಯನ್ನು ಕಂಡಾಗ ಆ ಮಾತು ಬಾಯಿಗೆ ಬಾರದು. ನನ್ನ ಅಭಿಪ್ರಾಯ ಇಷ್ಟೆ: ಇದು ಪಾಪವಲ್ಲವೆಂದು ಹೇಳಿಕೊಳ್ಳುವುದಕ್ಕಿಂತ ಇದು ಸಾಲವೆಂದು ಒಪ್ಪಿಕೊಳ್ಳುವುದು ಲೇಸು. ಸಾಲಗಾರನ ಧರ್ಮ ಎರಡು. ಇನ್ನು ಮುಂದೆ ಆದಷ್ಟು ಕಡಮೆ ಸಾಲ ಮಾಡುವುದು ಒಂದು. ಅದು ವಿಜ್ಞಾನಿಗಳ ಪಾಲಿನದು, ನಳಿಗೆಯನ್ನು ಹಿಡಿದು ಅವರು ಅದನ್ನು ಮಾಡುತ್ತಿದ್ದಾರೆ. ತಂದ ಸಾಲವನ್ನು ವ್ಯರ್ಥಮಾಡದಿರುವುದು ಮತ್ತೊಂದು. ಅದು ನಮ್ಮ ನಿಮ್ಮ ಪಾಲಿನದು. ಅಷ್ಟು ಜೀವಗಳ ಬೆಲೆಯನ್ನು ತೆತ್ತು ಗಳಿಸಿದ ತಿಳಿವಳಿಕೆ ಪುಸ್ತಕಗಳಲ್ಲಿ ಉಳಿದು, ನಮ್ಮೂರಿನ ಹಿರಿಯರೊಬ್ಬರು ಹೆದರಿಕೆಯಿಂದಲೋ ಭಾಷೆ ತಿಳಿಯದ ಸಂಕೋಚದಿಂದಲೋ ಆಸ್ಪತ್ರೆಯ ಬಾಗಿಲಿನಿಂದ ಹಿಂದಿರುಗಿದರೆ, ಆ ಇಲಿಗಳು ಎರಡು ಸಲ ಸತ್ತಂತೆ.

ಕನ್ನಡದ ಸಂಘವು ಇಂತಹ ವಿಷಯಕ್ಕೂ ವೇದಿಕೆಯನ್ನು ಕೊಟ್ಟಿತೆಂಬುದು ನನಗೆ ಸಂತೋಷದ ಸಂಗತಿ. ನಮ್ಮ ಭಾಷೆ ಹಾಡಿಗೂ ಹಬ್ಬಕ್ಕೂ ಇದ್ದರೆ ಸಾಲದು. ಹೊಟ್ಟೆನೋವನ್ನು ಹೇಳಿಕೊಳ್ಳುವುದಕ್ಕೂ ವೈದ್ಯರ ಕಾಗದವನ್ನು ತಿಳಿದುಕೊಳ್ಳುವುದಕ್ಕೂ ಒದಗಬೇಕು. ನನ್ನ ವಿದ್ಯಾರ್ಥಿನಿ ಈ ಸಭೆಯಲ್ಲಿ ಕುಳಿತಿದ್ದಾಳೆ. ಆಕೆಯ ಎರಡನೆಯ ಪ್ರಶ್ನೆಗೆ ನಾನು ಅರ್ಧ ಉತ್ತರವನ್ನಷ್ಟೇ ಕೊಟ್ಟಿದ್ದೇನೆ. ಉಳಿದರ್ಧವನ್ನು ಆಕೆಯ ತಲೆಮಾರಿನವರು ಪ್ರಾಣಿಯೇ ಬೇಡದ ದಾರಿಯೊಂದನ್ನು ಕಂಡುಹಿಡಿದು ಕೊಡಲಿ ಎಂದು ಹಾರೈಸುತ್ತೇನೆ.